ಏಳನೇ ಪುಟದ ಹಳೆಯ ವಿದ್ಯಾರ್ಥಿಗಳು

ಬ್ರೋಷರ್ ಕೊರಿಯರ್‌ನಲ್ಲಿ ಬಂದ ದಿನ ಕೆಂಗೇರಿಯಲ್ಲಿ ಜೋರು ಮಳೆ. ವೃಷಭಾವತಿಯ ವಾಸನೆ ಉಪನಗರದ ನಮ್ಮ ಮೂರನೇ ಮಹಡಿಯ ಬಾಲ್ಕನಿವರೆಗೂ ಬಂದಿತ್ತು. ಕವರ್ ಒಡೆದರೆ ಒಳಗೆ ದಪ್ಪನೆಯ ನುಣುಪು ಕಾಗದ, ಬೆಟ್ಟ, ಹಸಿರು ಮೈದಾನ, ಟೈ ಕಟ್ಟಿಕೊಂಡು ನಗುವ ಮಕ್ಕಳು. ಶಾಲೆಯ ಹೆಸರು ಇಲ್ಲಿ ಬೇಡ. ಇಂಗ್ಲಿಷ್ ಬೋರ್ಡಿಂಗ್ ಶಾಲೆಗಳ ಬ್ರೋಷರ್ ನೀವು ನೋಡಿದ್ದರೆ ಗೊತ್ತಿರುತ್ತೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ.

ನಮ್ಮ ಪುಟ್ಟನಿಗೆ ಈಗ ಒಂಬತ್ತು ವರ್ಷ. ಐದನೇ ಕ್ಲಾಸಿಗೆ ಅವನನ್ನು ಬೋರ್ಡಿಂಗ್‌ಗೆ ಹಾಕೋಣ ಅನ್ನೋದು ನನ್ನ ಆಸೆ. ನಾವಿಬ್ಬರೂ ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟರೆ ವಾಪಸ್ ಬರೋದು ರಾತ್ರಿ ಎಂಟಕ್ಕೆ. ಅವನು ಡೇ ಕೇರ್‌ನಿಂದ ಬಂದು ಟ್ಯಾಬ್ ಹಿಡಿದು ಕೂತರೆ ಊಟಕ್ಕೂ ಏಳಲ್ಲ. ಅಲ್ಲಾದರೆ ಈಜು, ಕುದುರೆ ಸವಾರಿ, ಲೈಬ್ರರಿ. ಏಳನೇ ಪುಟಕ್ಕೆ ಬಂದಾಗ ಮನಸ್ಸು ಪೂರ್ತಿ ಕರಗಿತು. 'ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು.' ಹನ್ನೆರಡು ಫೋಟೋ. ಹದಿಮೂರನೆಯದು ನನ್ನ ಮಗನದೇ ಅಂತ ಆ ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

ಇವರಿಗೆ ತೋರಿಸಿದೆ. "ಪೇಪರ್ ಚೆನ್ನಾಗಿದೆ" ಅಂದರು. ಅಷ್ಟೇ.

ನನ್ನ ಆಫೀಸು ರೆಸಿಡೆನ್ಸಿ ರಸ್ತೆ ಕಡೆ. ಕೆಂಗೇರಿಯಲ್ಲಿ ಮೆಟ್ರೊ ಹತ್ತಿ ಎಂ.ಜಿ. ರಸ್ತೆಯಲ್ಲಿ ಇಳಿದು ನಡೆಯುವಾಗ ದಿನವೂ ಬಿಷಪ್ ಕಾಟನ್ ಬಾಲಕರ ಶಾಲೆಯ ಕಾಂಪೌಂಡ್ ದಾಟುತ್ತೇನೆ. 1865ರ ಶಾಲೆ. ನಮ್ಮೂರಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಅಂದರೆ ಇವರದೇ ಇರಬೇಕು ಅಂದುಕೊಂಡು, ಮೆಟ್ರೊದಲ್ಲಿ ಸೀಟು ಸಿಕ್ಕ ದಿನಗಳಲ್ಲೆಲ್ಲ ಅದನ್ನೇ ಓದತೊಡಗಿದೆ. ಇವರಿಗೆ ತೋರಿಸಿ ವಾದದಲ್ಲಿ ಗೆಲ್ಲಬೇಕಿತ್ತಲ್ಲ! (ಅಂದಹಾಗೆ, ಶಾಲೆಗೆ ಹೆಸರು ಕೊಟ್ಟ ಬಿಷಪ್ ಕಾಟನ್ ಮೊದಲು ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಅಲ್ಲಿನ ಪದ್ಧತಿಯನ್ನೇ ಇಲ್ಲಿಗೂ ತಂದರು. ನಮ್ಮ ಬೋರ್ಡಿಂಗ್ ಶಾಲೆಗಳ 'ಹೌಸ್', 'ಪ್ರಿಫೆಕ್ಟ್' ಎಲ್ಲ ಬಂದದ್ದು ಆ ಕಡೆಯಿಂದಲೇ.)

ಆ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವಿಲಿಯಂ ಲೀಫ್ ರಾಬಿನ್ಸನ್. ಹುಟ್ಟಿದ್ದು 1895ರಲ್ಲಿ ನಮ್ಮ ಕೊಡಗಿನಲ್ಲಿ, ಬೆಳೆದದ್ದು ಪೊಲ್ಲಿಬೆಟ್ಟದ ಕಾಫಿ ಎಸ್ಟೇಟಿನಲ್ಲಿ. ಮನೆಯ ಕಿರಿ ಮಗ. ಬೆಂಗಳೂರಿನ ಬಿಷಪ್ ಕಾಟನ್‌ನಲ್ಲೂ ಓದಿದ, ಆಕ್ಸ್‌ಫರ್ಡ್‌ನ ಡ್ರ್ಯಾಗನ್ ಶಾಲೆಯಲ್ಲೂ ಓದಿದ. 1909ರಲ್ಲಿ ಅಣ್ಣನ ಹಿಂದೆಯೇ ಉತ್ತರ ಇಂಗ್ಲೆಂಡಿನ ಸೇಂಟ್ ಬೀಸ್ ಎಂಬ ಬೋರ್ಡಿಂಗ್ ಶಾಲೆಗೆ ಸೇರಿದ. ಅದು 1583ರಷ್ಟು ಹಳೆಯದು. ಅಲ್ಲಿ ರಗ್ಬಿ ತಂಡದಲ್ಲಿ ಆಡಿದ. ಆಮೇಲೆ ಯುದ್ಧ ಬಂತು. 1916ರ ಸೆಪ್ಟೆಂಬರ್‌ನ ಒಂದು ರಾತ್ರಿ ಲಂಡನ್ ಮೇಲೆ ಬಾಂಬ್ ಹಾಕಲು ಬಂದ ಜರ್ಮನ್ ವಾಯುನೌಕೆಯನ್ನು ತನ್ನ ಪುಟ್ಟ ವಿಮಾನದಿಂದ ಹೊಡೆದುರುಳಿಸಿದ. ಬ್ರಿಟನ್ ನೆಲದ ಮೇಲೆ ಹಾಗೆ ಬಿದ್ದ ಮೊದಲ ವಾಯುನೌಕೆ ಅದು. ಅದು ಹೊತ್ತಿ ಉರಿಯುವುದನ್ನು ಲಂಡನ್ನಿನ ಜನ ಬೀದಿಗೆ ಬಂದು ನೋಡಿ ಕುಣಿದಾಡಿದರಂತೆ. ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಮುಂದಿನ ವರ್ಷ ಜರ್ಮನ್ನರ ಕೈಗೆ ಸಿಕ್ಕಿ ಸೆರೆಯಾದ. ಯುದ್ಧ ಮುಗಿದು ಬಿಡುಗಡೆಯಾಗಿ ಬಂದವನು ಇನ್‌ಫ್ಲುಯೆಂಜಾ ಬಂದು 1918ರ ಡಿಸೆಂಬರ್ 31ಕ್ಕೆ ತೀರಿಹೋದ. ವಯಸ್ಸು 23.

ಸೇಂಟ್ ಬೀಸ್‌ನ ಪಟ್ಟಿಯಲ್ಲಿ ಇವನ ಜೊತೆ ಇನ್ಯಾರಿದ್ದಾರೆ ಅಂತ ನೋಡಿದರೆ ರೋವನ್ ಆಟ್ಕಿನ್ಸನ್. ನಮ್ಮ ಮಿಸ್ಟರ್ ಬೀನ್! ವಿಜಯನಗರ ಸ್ಟೇಷನ್ ಬಂದಿದ್ದೂ ತಿಳಿಯಲಿಲ್ಲ, ಒಬ್ಬಳೇ ನಕ್ಕುಬಿಟ್ಟೆ.

ಜನರಲ್ ತಿಮ್ಮಯ್ಯನವರೂ ಕಾಟನ್‌ನವರೇ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. 1948ರಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದವರು, ಆಮೇಲೆ ಭೂಸೇನೆಯ ಮುಖ್ಯಸ್ಥರಾದವರು. ಹೋದ ವರ್ಷ ಮಡಿಕೇರಿಗೆ ಹೋದಾಗ ಮ್ಯೂಸಿಯಂ ಆಗಿರುವ ಅವರ 'ಸನ್ನಿ ಸೈಡ್' ಮನೆ ನೋಡಿದ್ದೆವು. ಆ ಮನೆಯಿಂದ ಎಂಟನೇ ವಯಸ್ಸಿಗೇ ಅವರನ್ನು ಕೂನೂರಿನ ಬೋರ್ಡಿಂಗ್‌ಗೆ ಕಳಿಸಿದ್ದರು, ಕಾಟನ್ ಬಂದದ್ದು ಆಮೇಲೆ ಅನ್ನೋದು ಈಗ ಗೊತ್ತಾಯಿತು. ಎಂಟು. ಪುಟ್ಟನಿಗಿಂತ ಒಂದು ವರ್ಷ ಚಿಕ್ಕವರು.

1974ರ ಪೋಖ್ರಾನ್ ಪರೀಕ್ಷೆಯ ರಾಜಾ ರಾಮಣ್ಣ, ಇನ್ಫೊಸಿಸ್ ಮತ್ತು ಆಧಾರ್‌ನ ನಂದನ್ ನಿಲೇಕಣಿ ಕೂಡ ಇದೇ ಶಾಲೆಯಲ್ಲಿ ಕೂತು ಎದ್ದವರು. ಆದರೆ ರಾಮಣ್ಣನವರಿಗೆ ಪಾಶ್ಚಾತ್ಯ ಸಂಗೀತದ ರುಚಿ ಹತ್ತಿಸಿದ್ದು ಮನೆಯಲ್ಲಿ ಅಪ್ಪ-ಅಮ್ಮ. ನಿಲೇಕಣಿ ಹನ್ನೆರಡನೇ ವಯಸ್ಸಿಗೆ ಧಾರವಾಡಕ್ಕೆ ಹೋಗಿ, ಸಂಬಂಧಿಕರ ಮನೆಯಲ್ಲಿದ್ದು ಅಲ್ಲಿಯ ಸೇಂಟ್ ಜೋಸೆಫ್ಸ್‌ನಲ್ಲಿ ಓದಿದರು. ಹಾಗಾಗಿ ಅವರ ಹೆಸರು ಆ ಶಾಲೆಯ ಪಟ್ಟಿಯಲ್ಲೂ ಇದೆ. ಒಬ್ಬ ಮನುಷ್ಯ ಮೂರು ಶಾಲೆ ದಾಟಿದರೆ ಮೂರೂ ಶಾಲೆಗಳ ಹೆಮ್ಮೆ! ಕಾಫಿ ತೋಟದ ಮನೆ, ನ್ಯಾಯಾಧೀಶರ ಮನೆ, ಮಿಲ್ ಮ್ಯಾನೇಜರ್ ಮನೆ. ಯಾವ ಮನೆಯಿಂದ ಬಂದರು ಅನ್ನೋದನ್ನು ಮಾತ್ರ ಯಾವ ಪಟ್ಟಿಯೂ ಹೇಳಲ್ಲ.

ಆದರೂ ವಾದ ಬಿಡೋಳಲ್ಲ ನಾನು. ಒಂದು ರಾತ್ರಿ ಊಟ ಮಾಡ್ತಾ ಹೇಳಿದೆ. "ರೀ, ಮಿಸ್ಟರ್ ಬೀನ್ ಓದಿದ ಸ್ಕೂಲಲ್ಲೇ ನಮ್ಮ ಪೊಲ್ಲಿಬೆಟ್ಟದ ಹುಡುಗನೂ ಓದಿದ್ದ, ಗೊತ್ತಾ?"

"ಅಲ್ಲಿಗೆ ಹೋದಾಗ ಅವನಿಗೆಷ್ಟು?"

"ಹದಿನಾಲ್ಕು."

"ಅದಕ್ಕೂ ಮುಂಚೆ?"

"ಇನ್ನೂ ಎರಡು ಸ್ಕೂಲು."

ಅವರು ಏನೂ ಹೇಳದೆ ಎದ್ದು ತಟ್ಟೆ ತೊಳೆದಿಟ್ಟರು. ಮದುವೆಯಾಗಿ ಹನ್ನೊಂದು ವರ್ಷ. ಊಟ ಆದ ತಕ್ಷಣ ತಮ್ಮ ತಟ್ಟೆ ತಾವೇ ತೊಳೀತಾರೆ, ಟವೆಲ್ ಮಂಚದ ತಲೆಗೇ ಒಣಗಿಸ್ತಾರೆ. ಒಳ್ಳೆ ಅಭ್ಯಾಸ ಅಂತ ನಾನು ನನ್ನ ತವರಿನಲ್ಲಿ ಹೇಳಿಕೊಂಡು ಮೆರೆದಿದ್ದೇನೆ. ಇವರು ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿದ್ದವರು ಅನ್ನೋದೂ ಗೊತ್ತಿತ್ತು. ಅದಕ್ಕಿಂತ ಹೆಚ್ಚು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಕೈ ಒರೆಸಿಕೊಳ್ತಾ ಬಂದು ಕೂತರು. "ನಮ್ಮ ಹಾಸ್ಟೆಲ್‌ಗೂ ಹಳೆ ವಿದ್ಯಾರ್ಥಿಗಳ ಪಟ್ಟಿ ಇದೆ ಕಣೇ. ಹೇಳ್ಲಾ?"

ಒಂದೇ ಹಾಲ್‌ನಲ್ಲಿ ಮೂವತ್ತೆಂಟು ಹುಡುಗರಂತೆ. ಒಬ್ಬ ಧರ್ಮಸ್ಥಳ ರೂಟಿನ ಬಸ್ ಡ್ರೈವರ್. ಒಬ್ಬನದು ಮಾಗಡಿಯಲ್ಲಿ ದಿನಸಿ ಅಂಗಡಿ. ಒಬ್ಬ ತಹಶೀಲ್ದಾರ್. ಇಬ್ಬರು ಮೇಷ್ಟ್ರು. ಒಬ್ಬ ಕೋವಿಡ್‌ನಲ್ಲಿ ಹೋದ. ಮಲಗುತ್ತಿದ್ದ ಸಾಲಿನ ಪ್ರಕಾರ, ಬಾಗಿಲಿಂದ ಕಿಟಕಿವರೆಗೆ ಹೇಳುತ್ತಾ ಹೋದರು. ತಮ್ಮ ಪಕ್ಕದವನ ಹತ್ತಿರ ಬಂದಾಗ ನಿಂತರು. ಅವನು ಎರಡು ಸಲ ಓಡಿಹೋಗಿದ್ದ, ಎರಡು ಸಲವೂ ಅವರಪ್ಪ ಕರಕೊಂಡು ಬಂದು ಬಿಟ್ಟಿದ್ದರು. ಮೂರನೇ ಸಲ ಹೋದವನು ಬರಲೇ ಇಲ್ಲ. "ಅವನ ಟ್ರಂಕು ವರ್ಷವೆಲ್ಲ ಅಲ್ಲೇ ಇತ್ತು. ಸಣ್ಣ ಬೀಗ. ಯಾರೂ ತೆಗೀಲಿಲ್ಲ."

"ನೀವು ಅಳ್ತಿದ್ರಾ?"

"ಕಾರ್ಡಲ್ಲಿ ಚೆನ್ನಾಗಿದ್ದೀನಿ ಅಂತ ಬರೀತಿದ್ದೆ. ವಾರ್ಡನ್ ಓದೇ ಪೋಸ್ಟ್‌ಗೆ ಹಾಕ್ತಿದ್ರಲ್ಲ." ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು. "ಹಾಸ್ಟೆಲ್ ಕೆಟ್ಟದ್ದು ಅಂತಲ್ಲ. ಅದಿಲ್ದಿದ್ರೆ ನಾನು ಓದ್ತಾನೇ ಇರ್ಲಿಲ್ಲ. ನಮ್ಮಪ್ಪಂಗೆ ಬೇರೆ ದಾರಿ ಇರ್ಲಿಲ್ಲ. ನಮಗಿದೆಯಲ್ಲ?"

"ದಾರಿ ಇದೆ, ಟೈಮ್ ಎಲ್ಲಿದೆ?" ಅಂದುಬಿಟ್ಟೆ. ಅಂದ ಮೇಲೆ ನನಗೇ ಕೇಳಿಸಿತು. ಇಷ್ಟು ದಿನ ನಾನು ತೋರಿಸುತ್ತಿದ್ದದ್ದು ಜನರಲ್‌ಗಳನ್ನು, ವಿಜ್ಞಾನಿಗಳನ್ನು. ನನಗೆ ಬೇಕಿದ್ದದ್ದು ರಾತ್ರಿ ಎಂಟು ಗಂಟೆಗೆ ಬಂದಾಗ ಹೋಮ್‌ವರ್ಕ್ ಇಲ್ಲದ ಮನೆ.

ಮಾರನೇ ದಿನ ಲಂಚ್ ಟೈಮಲ್ಲಿ ಬ್ರೋಷರ್‌ನಲ್ಲಿದ್ದ ನಂಬರ್‌ಗೆ ಫೋನ್ ಮಾಡಿದೆ. ಹುಡುಗಿ ತುಂಬಾ ಚೆನ್ನಾಗಿ ಮಾತಾಡಿದಳು. ವಾರಕ್ಕೆ ಒಂದು ಸಲ, ಭಾನುವಾರ ಹತ್ತು ನಿಮಿಷ ಮಗು ಜೊತೆ ಮಾತಾಡಬಹುದು. ಹಳೆಯ ವಿದ್ಯಾರ್ಥಿಗಳ ಬಗ್ಗೆ ಕೇಳೋಕೆ ಮೊದಲೇ "ಏಳನೇ ಪೇಜ್ ನೋಡಿದ್ರಾ ಮೇಡಂ?" ಅಂದಳು.

"ನೋಡಿದೆ. ಹೋದ ವರ್ಷ ಸೇರಿ ಮಧ್ಯದಲ್ಲೇ ವಾಪಸ್ ಹೋದ ಮಕ್ಕಳು ಎಷ್ಟು?"

ಆ ಕಡೆ ಸ್ವಲ್ಪ ಹೊತ್ತು ಕೀಬೋರ್ಡ್ ಸದ್ದು. "ಆ ಥರ ಲಿಸ್ಟ್ ನಾವು ಇಟ್ಟಿಲ್ಲ ಮೇಡಂ."

ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡ್ತೀನಿ ಅಂತ ಮ್ಯಾನೇಜರ್‌ಗೆ ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ. ಇವರು ಬುಧವಾರ ಬೇಗ ಬಂದು ಡೇ ಕೇರ್‌ನಿಂದ ತಾವೇ ಪುಟ್ಟನನ್ನು ಕರಕೊಂಡು ಬಂದರು. ಅಪ್ಪ-ಮಗ ಇಬ್ಬರೂ ತಟ್ಟೆ ತೊಳೆದಿಟ್ಟಿದ್ದರು, ಅಡುಗೆಮನೆ ತುಂಬ ನೀರು. ಅರ್ಜಿ ಫಾರ್ಮ್ ಇನ್ನೂ ಫ್ರಿಜ್ ಮೇಲೇ ಇದೆ. ಕೊನೆಯ ದಿನ ಬರುವ ಶುಕ್ರವಾರ.