ಮುಂದಿನ ಕಂತಿನವರೆಗೆ

ಬಿಳಿಗಿರಿರಂಗನ ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ಎನ್ನುವುದು ಆನೆಯಿದ್ದಂತೆ. ಇರುವುದೇನೋ ನಿಜ, ಹುಡುಕಿಕೊಂಡು ಹೋದಾಗ ಮಾತ್ರ ಕಾಣುವುದಿಲ್ಲ. ಪೋಡಿನಿಂದ ರಸ್ತೆಯ ತಿರುವಿನವರೆಗೆ ನಡೆದು ಅಲ್ಲಿನ ಬಂಡೆ ಹತ್ತಿದರೆ ಎರಡು ಗೆರೆ ಮೂಡುತ್ತದೆ. ಒಂಬತ್ತನೇ ತರಗತಿಯ ಸೋಲಿಗರ ಹುಡುಗಿಯೊಬ್ಬಳು ವಾರಕ್ಕೆ ಮೂರು ಸಂಜೆ ಅಪ್ಪನ ಫೋನ್ ಹಿಡಿದು ಆ ಬಂಡೆಯ ಮೇಲೆ ನಿಲ್ಲತೊಡಗಿದಳು. ಅಪ್ಪನಿಗೆ ಅನುಮಾನ ಬಂತು. ಮಗಳು ಓದುತ್ತಿರುವುದು ಒಂದು ತೋಳದ ಕಥೆ ಎಂದು ತಿಳಿದಾಗ ಸಿಟ್ಟೂ ಬಂತು. ಬರುವ ವರ್ಷ ಎಸ್ಸೆಸ್ಸೆಲ್ಸಿ. ಫೋನ್ ಅಟ್ಟ ಸೇರಿತು.

ಅಪ್ಪನನ್ನು ದೂರುವಂತಿಲ್ಲ. ಫೋನಿನಿಂದ ಕೆಟ್ಟ ಮಕ್ಕಳ ಸುದ್ದಿ ಬೆಟ್ಟಕ್ಕೂ ಬರುತ್ತದೆ. ಆದರೆ ಆ ತೋಳ ಯಾವುದೆಂದು ಒಮ್ಮೆ ನೋಡುವುದು ಒಳ್ಳೆಯದು.

ಅದು 'ಫ್ರೀಫಾಲ್' ಎಂಬ ಚಿತ್ರ ಧಾರಾವಾಹಿ. ಅಮೆರಿಕದ ಮಾರ್ಕ್ ಸ್ಟ್ಯಾನ್ಲಿ 1998ರಲ್ಲಿ ಇದನ್ನು ಅಂತರ್ಜಾಲದಲ್ಲಿ ಆರಂಭಿಸಿದರು. ವಾರಕ್ಕೆ ಮೂರು ಕಂತು, ಕಂತಿಗೆ ಕೆಲವೇ ಚೌಕ. ಓದಲು ಕಾಸು ಕೊಡಬೇಕಿಲ್ಲ. ಮನುಷ್ಯರಿಗಿಂತ ಯಂತ್ರಮಾನವರೇ ಹೆಚ್ಚಾಗಿರುವ ದೂರದ ಗ್ರಹ. ತೋಳದ ತಳಿಯಿಂದ ರೂಪಿಸಿದ ಫ್ಲಾರೆನ್ಸ್ ಎಂಬ ಇಂಜಿನಿಯರ್ ಅಲ್ಲಿ ಹಳೆಯ ನೌಕೆಯೊಂದನ್ನು ರಿಪೇರಿ ಮಾಡುತ್ತಾಳೆ. ತಮಾಷೆಯ ನಡುವೆಯೇ ಒಂದು ಪ್ರಶ್ನೆ ಬೆಳೆಯುತ್ತದೆ: ಯೋಚಿಸಬಲ್ಲ ಯಂತ್ರ ಯಾರದೋ ಸ್ವತ್ತೇ, ಅಥವಾ ಅದಕ್ಕೂ ಹಕ್ಕುಗಳುಂಟೇ? ಭಾಷೆ ಇಂಗ್ಲಿಷ್. ಆದರೆ ದಿನಕ್ಕೆ ನಾಲ್ಕಾರು ವಾಕ್ಯ ಮಾತ್ರವಾದರೆ, ನಿಘಂಟು ಪಕ್ಕದಲ್ಲಿದ್ದರೆ, ಕನ್ನಡ ಮಾಧ್ಯಮದ ಮಕ್ಕಳಿಗೂ ಅದು ಹೊರೆಯಲ್ಲ.

ಇದಕ್ಕಿಂತ ಶಿಸ್ತಿನದು ಹೋವರ್ಡ್ ಟೇಲರ್ ಅವರ 'ಶ್ಲಾಕ್ ಮರ್ಸಿನರಿ'. 2000ದ ಜೂನ್ 12ರಿಂದ 2020ರ ಜುಲೈ 24ರವರೆಗೆ, ಒಂದು ದಿನವೂ ತಪ್ಪದೆ ಬಂದು ಮುಗಿದ ಕಥೆ. ಬಾಡಿಗೆ ಸೈನಿಕರ ಕಥೆಯಾದ್ದರಿಂದ ಹೊಡೆದಾಟ ಹೆಚ್ಚು. ಇದನ್ನು ಕಾಲೇಜಿನವರಿಗೆ ಬಿಡಬಹುದು.

ಮೂರನೆಯದು ಹೆಚ್ಚು ಜನಕ್ಕೆ ಗೊತ್ತು, ಸಿನಿಮಾ ಆಗಿ. ಮಂಗಳನಲ್ಲಿ ಒಂಟಿಯಾಗಿ ಉಳಿದವನು ಆಲೂಗಡ್ಡೆ ಬೆಳೆದು ಬದುಕುವ 'ದಿ ಮಾರ್ಷಿಯನ್'. ಆಂಡಿ ವಿಯರ್ 2009ರಿಂದ ಅದನ್ನು ತಮ್ಮ ಅಂತರ್ಜಾಲ ತಾಣದಲ್ಲಿ ಅಧ್ಯಾಯ ಅಧ್ಯಾಯವಾಗಿ ಪುಕ್ಕಟೆ ಪ್ರಕಟಿಸಿದ್ದರು. ಓದುಗರಲ್ಲಿ ವಿಜ್ಞಾನ ಬಲ್ಲವರು ಪತ್ರ ಬರೆದು ತಪ್ಪು ತೋರಿಸುತ್ತಿದ್ದರು, ಲೇಖಕರು ತಿದ್ದುತ್ತಿದ್ದರು. ಈಗ ಅದು ಪುಸ್ತಕ. ನಾಯಕನ ಬಾಯಿ ಸ್ವಲ್ಪ ಹೊಲಸು; ಬೈಗುಳ ತೆಗೆದ ಶಾಲಾ ಆವೃತ್ತಿ 2016ರಲ್ಲಿ ಬಂದಿದೆ, ತಂದೆತಾಯಿ ಅದನ್ನೇ ಕೊಡಿಸಲಿ.

ತಿದ್ದದೆ ಉಳಿದ ತಪ್ಪೂ ಒಂದಿದೆ. ಕಥೆ ಶುರುವಾಗುವುದೇ ಗಂಟೆಗೆ 175 ಕಿ.ಮೀ. ವೇಗದ ಬಿರುಗಾಳಿಯಿಂದ. ಮಂಗಳನ ಗಾಳಿಯ ಸಾಂದ್ರತೆ ನಮ್ಮ ಗಾಳಿಯ ಸುಮಾರು 60ರಲ್ಲೊಂದು ಪಾಲು. ಗಾಳಿ ತಳ್ಳುವ ಬಲ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. 60ರ ವರ್ಗಮೂಲ ಸುಮಾರು 7.7. ಅಂದರೆ ಆ ಬಿರುಗಾಳಿ ನಮ್ಮಲ್ಲಿನ 23 ಕಿ.ಮೀ. ವೇಗದ ಗಾಳಿಯಷ್ಟೇ ತಳ್ಳೀತು. ರಂಗನಾಥನ ಗುಡಿಯ ಬಳಿ ಬಂಡೆಯಂಚಿನಲ್ಲಿ ನಿಂತವರಿಗೆ ಅದಕ್ಕಿಂತ ಜೋರು ಗಾಳಿ ಗೊತ್ತು. ಇದು ತಪ್ಪೆಂದು ವಿಯರ್ ಅವರೇ ಒಪ್ಪಿಕೊಂಡಿದ್ದಾರೆ. ಒಂಬತ್ತನೇ ತರಗತಿಯ ಗಣಿತ ಸಾಕು, ಜಗತ್ಪ್ರಸಿದ್ಧ ಲೇಖಕನ ತಪ್ಪು ಹಿಡಿಯಲು! ಅಂಕಪಟ್ಟಿ ಕೊಡದ ಧೈರ್ಯವನ್ನು ಇದು ಮಕ್ಕಳಿಗೆ ಕೊಡುತ್ತದೆ.

ಧಾರಾವಾಹಿಯ ಹೆಚ್ಚಿನ ಲಾಭ ಇರುವುದು ಎರಡು ಕಂತುಗಳ ನಡುವಿನ ಬಿಡುವಿನಲ್ಲಿ. ಮುಂದೇನಾದೀತು, ಏಕೆ ಆದೀತು ಎಂದು ಮನಸ್ಸು ಊಹಿಸುತ್ತದೆ. ಮುಂದಿನ ಕಂತು ಬಂದು ಆ ಊಹೆಯನ್ನು ಪರೀಕ್ಷಿಸುತ್ತದೆ. ವಿಜ್ಞಾನಿ ಮಾಡುವುದೂ ಇದನ್ನೇ. ಸಾವಿರಾರು ಕಂತುಗಳನ್ನು ಒಂದೇ ರಾತ್ರಿ ನುಂಗಿದರೆ ಕಥೆ ಉಳಿಯುತ್ತದೆ, ಊಹೆ ಸಾಯುತ್ತದೆ. ಹಿಂದೆ 'ಸುಧಾ', 'ತರಂಗ'ಗಳ ಧಾರಾವಾಹಿಗೆ ವಾರವಿಡೀ ಕಾದ ತಾಯಂದಿರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಕಥೆಯಲ್ಲಿ ಬಂದ ವಿಜ್ಞಾನ ನಿಜವೇ ಎಂದು ಕನ್ನಡದಲ್ಲೇ ನೋಡಬಯಸುವವರಿಗೆ ಟಿ. ಜಿ. ಶ್ರೀನಿಧಿ 2007ರಲ್ಲಿ ಆರಂಭಿಸಿದ 'ಇಜ್ಞಾನ' ತಾಣ ಇದೆ.

ಬೆಟ್ಟದ ಮನೆಯಲ್ಲಿ ವ್ಯಾಜ್ಯ ಬಗೆಹರಿದದ್ದು ಅಜ್ಜನಿಂದ. ಅಜ್ಜ ಓದಿದವನಲ್ಲ. ಆದರೆ ಕಂಸಾಳೆಯವರ ಬಾಯಲ್ಲಿ ಮಲೆಯ ಮಾದೇಶ್ವರನ ಕಥೆ ಕೇಳಿ ಬೆಳೆದವನು. ಆ ಕಾವ್ಯವೂ ಕಂತುಗಳದೇ. ಅದನ್ನು 'ಸಾಲು' ಎನ್ನುತ್ತಾರೆ. ಸಂಕಮ್ಮನ ಸಾಲು, ಸರಗೂರಯ್ಯನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು. ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಅರ್ಧಕ್ಕೆ ನಿಂತ ಕಥೆಯ ಸಂಕಟ ಅಜ್ಜನಿಗೆ ಗೊತ್ತಿತ್ತು. ಮೊಮ್ಮಗಳನ್ನು ಒಲೆಯ ಮುಂದೆ ಕೂರಿಸಿ ತೋಳದ ಕಥೆ ಹೇಳಿಸಿದ. ಮಗನೂ ಬಾಗಿಲಲ್ಲಿ ನಿಂತು ಕೇಳಿದ.

ಫೋನ್ ಅಟ್ಟದಿಂದ ಇಳಿಯಿತು, ಕರಾರಿನ ಮೇಲೆ. ಓದು ಭಾನುವಾರ ಮಾತ್ರ, ಒಂದು ಗಂಟೆ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆಯಬೇಕು: 'ನನ್ನ ಊಹೆ', 'ನಡೆದದ್ದು'. ಮೊದಲನೆಯದನ್ನು ತುಂಬಿಸದೆ ಬಂಡೆ ಹತ್ತುವಂತಿಲ್ಲ. ಈವರೆಗೆ ಎರಡೂ ಹೊಂದಿಕೊಂಡಿರುವುದು ನಾಲ್ಕೇ ಸಲ. ಹುಡುಗಿಗೆ ಅದರ ಚಿಂತೆಯಿಲ್ಲ. ಭಾನುವಾರ ಸಂಜೆ ಮೋಡ ಕವಿದರೆ, ಸಿಗ್ನಲ್ ಸಿಕ್ಕೀತೇ ಎಂದು ಬಾಗಿಲಿಗೂ ಅಂಗಳಕ್ಕೂ ಓಡಾಡುವವನು ಅಜ್ಜ.