ಅವ್ವನಿಗೆ ಮುಂಬಯಿ ತೋರಿಸಿದ್ದು

ಹನ್ನೊಂದು ವರ್ಷದಿಂದ ಮುಂಬಯಿಯ ಅನ್ನ ಉಣ್ಣುತ್ತಿದ್ದೇವೆ, ಮುಂಬಯಿಯನ್ನು ನೋಡಿರಲಿಲ್ಲ. ಇದನ್ನು ಓದುವವರಲ್ಲಿ ಅರ್ಧ ಮಂದಿಯಾದರೂ ನಮ್ಮ ಪಂಗಡದವರೇ ಇದ್ದಾರೆಂಬ ಧೈರ್ಯದಿಂದ ಒಪ್ಪಿಕೊಳ್ಳುತ್ತಿದ್ದೇವೆ. ಡೊಂಬಿವಲಿಯಿಂದ ಬೆಳಗಿನ ಲೋಕಲ್ಲು, ಆಫೀಸು, ಮತ್ತೆ ಸಂಜೆಯ ಲೋಕಲ್ಲು. ನಡುವಿನ ಶಹರ ನಮಗೆ ಗೊತ್ತಿರುವುದು ಸ್ಟೇಷನ್ನುಗಳ ಹೆಸರಾಗಿ ಮಾತ್ರ. ಊರಿನವರು "ಏನೇನು ನೋಡಿದಿರಿ?" ಎಂದು ಕೇಳಿದರೆ ದಾದರದ ಸೇತುವೆಯ ನೂಕುನುಗ್ಗಲನ್ನೇ ವರ್ಣಿಸಬೇಕಾಗುತ್ತಿತ್ತು.

ಈ ಸಲ ನೋಡಲೇಬೇಕಾಯಿತು. ನಮ್ಮ ಅವ್ವ ಗದಗಿನ ಕಡೆಯ ಹಳ್ಳಿಯಿಂದ ಕಣ್ಣು ತೋರಿಸಿಕೊಳ್ಳಲು ಬಂದಿದ್ದಳು. ಡಾಕ್ಟರು ಗ್ಲಾಕೋಮಾ ಎಂದರು. ಇದು ಪೊರೆಯಂತಲ್ಲ, ತೆಗೆದರೆ ಬೆಳಕಾಗಲು. ಕಣ್ಣಿನೊಳಗಿನ ಒತ್ತಡ ನರವನ್ನು ಕೆಡಿಸುತ್ತ ಹೋಗುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ. ದಿನವೂ ಔಷಧದ ಹನಿ ಹಾಕಿ ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ಅವ್ವನಿಗೆ ಬದಿಯದೆಲ್ಲ ಆಗಲೇ ಹೋಗಿದೆ. ನೇರ ನೋಡಿದ್ದಷ್ಟೇ, ನಳಿಕೆಯಲ್ಲಿ ಇಣುಕಿದ ಹಾಗೆ, ಕಾಣುತ್ತದೆ. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಅವಳು ಅಳಲಿಲ್ಲ. "ಹಂಗಾರ ಕಣ್ಣು ಇರೋದರಾಗ ನಿನ್ನ ಮುಂಬಯಿ ಒಂದ ಸಲ ತೋರಿಸಿಬಿಡಪಾ" ಎಂದಳು. ಇಷ್ಟು ವರ್ಷ ನಾವಾಗಿ ಕರೆಯಲಿಲ್ಲವೆಂದು ಅವಳು ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ರಜೆ ಸಿಕ್ಕಿದ್ದು ಸೋಮವಾರ. ಸರಕಾರಿ ಗುಮಾಸ್ತನ ಅಭ್ಯಾಸ ಎಲ್ಲಿ ಹೋದೀತು? ಹಳೆಯ ಲಕೋಟೆಯ ಬೆನ್ನಿಗೆ ವೇಳಾಪತ್ರಿಕೆ ಬರೆದೆವು. ಗೇಟ್‌ವೇ, ಅಲ್ಲಿಂದ ದೋಣಿಯಲ್ಲಿ ಘಾರಾಪುರಿಯ ಎಲಿಫೆಂಟಾ ಗುಹೆ, ಸಂಜೆಗೆ ಚೌಪಾಟಿ. ಅವ್ವ, ಮನೆಯವರು, ಇಬ್ಬರು ಮಕ್ಕಳು, ಎರಡು ಡಬ್ಬಿ ಚಪಾತಿ. ಹತ್ತು ಗಂಟೆಯ ಗದ್ದಲ ಇಳಿದ ಮೇಲೆ ಹೊರಟೆವು.

ಬೋರಿಬಂದರದಲ್ಲಿ ಇಳಿದೆವು. ಸ್ಟೇಷನ್ನಿನ ಹೆಸರು 1996ರಲ್ಲೊಮ್ಮೆ, 2017ರಲ್ಲೊಮ್ಮೆ ಬದಲಾಯಿತು. ಅವ್ವನ ಬಾಯಲ್ಲಿ ಅದು ಇಂದಿಗೂ ಬೋರಿಬಂದರವೇ. 1878ರಲ್ಲಿ ಆರಂಭಿಸಿ ಹತ್ತು ವರ್ಷ ಕಟ್ಟಿದ ಈ ಕಟ್ಟಡ 2004ರಲ್ಲಿ ಯುನೆಸ್ಕೋದ ಪಟ್ಟಿ ಸೇರಿತು. ನಾವು ದಿನವೂ ಇದರೊಳಗಿಂದ ತಲೆ ತಗ್ಗಿಸಿ ಓಡುವವರು. ದ್ವಾರದ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ ಇರುವುದನ್ನು ನಮಗೆ ತೋರಿಸಿದವಳು ಏಳನೆಯ ಇಯತ್ತೆಯ ಮಗಳು. ಸಿಂಹ ಬ್ರಿಟನ್ನಿನದು, ಹುಲಿ ನಮ್ಮದು ಎಂದು ಪಾಠದಲ್ಲಿತ್ತಂತೆ. ಅವ್ವ ಕತ್ತು ತಿರುಗಿಸಿ ತಿರುಗಿಸಿ ಹುಲಿಯನ್ನು ಹುಡುಕಿ ಹಿಡಿದಳು.

ಗೇಟ್‌ವೇ ಬಳಿ ನಮ್ಮ ವೇಳಾಪತ್ರಿಕೆ ಮುರಿದುಬಿತ್ತು. ಸೋಮವಾರ ಗುಹೆಗಳಿಗೆ ರಜೆ! "ನಾ ಮೊದಲೇ ಕೇಳ್ರಿ ಅಂದಿದ್ದೆ" ಎಂದರು ಮನೆಯವರು. ಅಂದಿದ್ದರು, ಸುಳ್ಳಲ್ಲ. ಶಾಲೆಯಲ್ಲಿ ರಾಷ್ಟ್ರಕೂಟರದೆಂದು ನಾವು ಎದೆಯುಬ್ಬಿಸಿದ್ದ ಗುಹೆ ಅದು; ಈಗಿನ ವಿದ್ವಾಂಸರು ಬಹುಮಟ್ಟಿಗೆ ಆರನೆಯ ಶತಮಾನದ ಕಲಚೂರಿಗಳ ಕಡೆ ವಾಲಿದ್ದಾರೆ. ಹಾಗಾದರೆ ಹೋಗದಿದ್ದರೂ ಅಷ್ಟೇನೂ ನಷ್ಟವಿಲ್ಲ ಎಂದು ಸಮಾಧಾನ ಹೇಳಿದೆವು. ಯಾರೂ ನಗಲಿಲ್ಲ. ಬಂದರದಲ್ಲೇ ಒಂದು ಸುತ್ತು ಹಾಕಿಸುವ ದೋಣಿ ಹತ್ತಿಸಿ ಮಕ್ಕಳನ್ನು ರಮಿಸಿದ್ದಾಯಿತು. 1911ರಲ್ಲಿ ಬಂದಿಳಿದ ಐದನೆಯ ಜಾರ್ಜ್ ದೊರೆಯ ನೆನಪಿಗೆಂದು ಎಬ್ಬಿಸಿದ ಕಮಾನು ಮುಗಿದದ್ದು 1924ರಲ್ಲಿ. ಕಡತ ನಮ್ಮ ಇಲಾಖೆಯ ಮೂಲಕವೇ ಹೋಗಿರಬೇಕು. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಇದೇ ಕಮಾನಿನಿಂದ ಹಡಗು ಹತ್ತಿತು.

ಮಧ್ಯಾಹ್ನ ಓವಲ್ ಮೈದಾನದಲ್ಲಿ ಡಬ್ಬಿ ಬಿಚ್ಚಿದೆವು. ಎದುರಿಗೆ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ, 280 ಅಡಿ ಎತ್ತರ. ಹತ್ತಿಯ ವ್ಯಾಪಾರದಲ್ಲಿ ಹಣ ಮಾಡಿದ ಪ್ರೇಮಚಂದ ರಾಯಚಂದರು ಹಣ ಕೊಟ್ಟು ತಾಯಿಯ ಹೆಸರಿಡಿಸಿದ್ದು, 1878ರಲ್ಲಿ ಪೂರ್ಣವಾಯಿತು. ಆ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಜೈನಳಾದ್ದರಿಂದ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕಾಗಿತ್ತು, ಗಂಟೆಯ ಸಪ್ಪಳದಿಂದ ವೇಳೆ ತಿಳಿಯುತ್ತಿದ್ದಳು ಎಂದು ಜನ ಹೇಳುತ್ತಾರೆ. ಇದನ್ನು ಹೇಳುತ್ತ ಅರ್ಧಕ್ಕೆ ಬಂದ ಮೇಲೆ, ಯಾರ ಮುಂದೆ ಹೇಳುತ್ತಿದ್ದೇವೆಂಬುದು ಹೊಳೆದು ನಾಲಿಗೆ ಕಚ್ಚಿಕೊಂಡೆವು. ಅವ್ವ ಮಾತ್ರ ಗಂಟೆ ಬಾರಿಸುವ ತನಕ ಕಾದು ಕೇಳಿ, "ಚಲೋ ಐತಿ" ಎಂದಳು. ಆಮೇಲೆ ಕೈ ಒರೆಸಿಕೊಳ್ಳುತ್ತ, "ನಿನ್ನ ಆಫೀಸು ಇಲ್ಲೇ ಎಲ್ಲೋ ಐತಿ ಅಂತಿದ್ದೆಲ್ಲಾ? ಅದನ್ನ ತೋರಸು" ಎಂದಳು.

ಆಫೀಸು ಅಲ್ಲಿಂದ ಕೂಗಳತೆಯಲ್ಲಿತ್ತು. ನೆವ ಹೇಳಲು ಏನೂ ಸಿಗಲಿಲ್ಲ. ಎದುರು ಬದಿಯ ಮರದ ಕೆಳಗೆ ನಿಂತೆವು.

"ಯಾವ ಕಿಡಕಿ ನಿಂದು?"

ಇಲ್ಲಿ ಒಂದು ಹಳೆಯ ಪಾಪವನ್ನು ಹೇಳಬೇಕು. ನೌಕರಿ ಸೇರಿದ ಹೊಸತರಲ್ಲಿ ಫೋನಿನಲ್ಲಿ ಅವ್ವನಿಗೆ, ನಮ್ಮ ಮೇಜು ಕಿಟಕಿಯ ಪಕ್ಕದಲ್ಲಿದೆ, ಸಮುದ್ರ ಕಾಣುತ್ತದೆ ಎಂದಿದ್ದೆವು. ಹೊಲ ಒತ್ತೆಯಿಟ್ಟು ಬಿ.ಎ. ಓದಿಸಿದವಳಿಗೆ ಅಷ್ಟಾದರೂ ಹೇಳಬೇಡವೇ ಎನಿಸಿತ್ತು. ನಮ್ಮ ಮೇಜು ಇರುವುದು ಹಳೆಯ ಕಡತಗಳ ಎರಡು ಕಪಾಟುಗಳ ಸಂದಿಯಲ್ಲಿ. ಹಗಲಿನಲ್ಲೂ ದೀಪ ಬೇಕು. ಮನೆಯವರಿಗೆ ಇದು ಗೊತ್ತು. ಅವರು ನಮ್ಮ ಮುಖ ನೋಡಿದರು, ಏನೂ ಅನ್ನಲಿಲ್ಲ.

"ಮೂರನೇ ಮಾಳಿಗೆ, ಎಡದಿಂದ ಎರಡನೇದ್ದು" ಎಂದೆವು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಬೆರಳಿನಿಂದ ಮಾಳಿಗೆ ಎಣಿಸಿ, ಎಡದಿಂದ ಕಿಟಕಿ ಎಣಿಸಿ, ಅದರ ಮೇಲೆ ನೋಟ ನಿಲ್ಲಿಸಿದಳು. ಹುಲಿಗೂ ಗೋಪುರಕ್ಕೂ ಅಷ್ಟು ಹೊತ್ತು ಕೊಟ್ಟಿರಲಿಲ್ಲ. ಮಗ ಐಸ್ಕ್ರೀಮಿಗಾಗಿ ಅಂಗಿ ಜಗ್ಗುತ್ತಿದ್ದ. ಬಸ್ಸುಗಳು ಅಡ್ಡ ಬಂದವು, ಹೋದವು, ಅವಳು ಅಲುಗಲಿಲ್ಲ.

ಚೌಪಾಟಿಗೆ ಹೋದೆವು, ಮಕ್ಕಳು ಭೇಳಪುರಿ ತಿಂದರು. ರಾತ್ರಿ ಅವ್ವ ಊರಿಗೆ, ನಮ್ಮ ತಂಗಿಗೆ, ಫೋನು ಮಾಡಿಸಿದಳು. ರಾಣಿ ರಾಜರ ಸುದ್ದಿಯೇನೂ ಇಲ್ಲ. "ಅವನ ಕಿಡಕಿ ನೋಡಿದೆ ನೋಡವಾ. ಮೂರನೇ ಮಾಳಿಗ್ಯಾಗ ಐತಿ. ಕುಂತಲ್ಲೇ ಸಮುದ್ರ ಕಾಣತೈತಂತ."

ಮರುದಿನ ಸಹಿಯ ನೆಪದಲ್ಲಿ ಕಾಗದ ಹಿಡಿದು ಆ ಕಿಟಕಿಯ ಬಳಿಗೆ ಹೋದೆವು. ಮೇಲಧಿಕಾರಿಗಳ ಕೋಣೆಯದು. ಅವರು ಓದುತ್ತಿರುವಾಗ ಹೊರಗೆ ಬಗ್ಗಿ ನೋಡಿದೆವು. ಕೆಳಗೆ ಆ ಮರ, ಎದುರು ಕಟ್ಟಡದ ನೀರಿನ ಟಾಕಿ, ಅದರ ಮೇಲೆ ಪಾರಿವಾಳ.

"ಇನ್ನೇನು ಬೇಕಿತ್ತು?" ಎಂದರು.

"ಏನಿಲ್ಲ ಸಾಹೇಬರೇ" ಎಂದು ಕಾಗದ ತೆಗೆದುಕೊಂಡು ಕಪಾಟುಗಳ ನಡುವೆ ಬಂದು ಕುಳಿತೆವು.