ಕಾಗದಕ್ಕೊಂದು ಗೂಡು

ಹೊಸಹೊಳಲಿನ ಆ ಮನೆಯ ನಡುಮನೆಯ ಗೋಡೆಗೆ ಆತು ನಿಂತ ಒಂದು ಮರದ ಪೆಟ್ಟಿಗೆಯಿದೆ. ಬಾಗಿಲಿಲ್ಲ, ಬೀಗವಿಲ್ಲ. ಒಳಗೆ ಹನ್ನೆರಡು ಗೂಡುಗಳು. ಕೆ.ಆರ್. ಪೇಟೆ ಸುತ್ತಿನ ಹಳ್ಳಿಗಳಿಗೆ ಮೂವತ್ತು ವರ್ಷ ಕಾಗದ ಹಂಚಿ ನಿವೃತ್ತರಾದ ಯಜಮಾನರು ಒಂದು ಕಾಲದಲ್ಲಿ ತಮ್ಮ ಕೆಲಸಕ್ಕೆಂದೇ ಹಲಗೆ ಕೊಯ್ಸಿ ಮಾಡಿಸಿಕೊಂಡದ್ದು. ಕಚೇರಿಗೆ ಕಬ್ಬಿಣದ ಕಪಾಟು ಬಂದ ಮೇಲೆ ಅದನ್ನು ಮನೆಗೆ ಹೊತ್ತು ತಂದರು. ಒಂದು ಗೂಡಿಗೆ ಒಂದು ಹಳ್ಳಿ. ಎದೆಮಟ್ಟದ ನಡುಗೂಡು ಮಾತ್ರ ಯಾವ ಹಳ್ಳಿಗೂ ಸೇರಿದ್ದಲ್ಲ. ಸಂದರ್ಶನದ ಕರೆ, ಕೋರ್ಟಿನ ನೋಟೀಸು, ಸಾವಿನ ಸುದ್ದಿ, ಹೀಗೆ ಅಂದೇ ತಲುಪಬೇಕಾದ್ದು ಅಲ್ಲಿಗೆ. ಕಣ್ಣೆತ್ತಿದರೆ ಮೊದಲು ಕಾಣುವುದು ಅದೇ.

ಈ ಪೆಟ್ಟಿಗೆಗೂ ಗಣಕಯಂತ್ರಕ್ಕೂ ಏನು ನಂಟು ಎಂದು ಮನೆಯ ಮಗಳಿಗೆ ಗೊತ್ತಾದದ್ದು 2008ರ ಬೇಸಿಗೆಯಲ್ಲಿ. ಗೊತ್ತಾಗಲು ತೆತ್ತ ಬೆಲೆ ಸಣ್ಣದಲ್ಲ.

ಅವಳು ಆಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಳು. ರಜೆಗೆ ಊರಿಗೆ ಬರುವಾಗ ಬಟ್ಟೆಯ ಚೀಲದ ಜತೆ ಯಾರೋ ಬಳಸಿ ಬಿಟ್ಟ ಒಂದು ಲ್ಯಾಪ್‌ಟಾಪ್ ತಂದಿದ್ದಳು. ಹಾಸ್ಟೆಲಿನ ಹಿರಿಯ ವಿದ್ಯಾರ್ಥಿನಿಯೊಬ್ಬಳು ಅದಕ್ಕೆ ಲಿನಕ್ಸ್ ಹಾಕಿ, ಈಮ್ಯಾಕ್ಸ್ ಕಲಿಸಿಕೊಟ್ಟಿದ್ದಳು. ಈಮ್ಯಾಕ್ಸ್ ಎಂದರೆ ಮೂಲತಃ ಅಕ್ಷರ ಬರೆದು ತಿದ್ದುವ ತಂತ್ರಾಂಶ. ಅಮೆರಿಕದ ಎಂ.ಐ.ಟಿ.ಯಲ್ಲಿ 1976ರಲ್ಲಿ ಅದರ ಮೊದಲ ರೂಪ ಹುಟ್ಟಿತು. 1985ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನು ಈಮ್ಯಾಕ್ಸ್ ಅನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಬಳಸುವವರು ತಮಗೆ ಬೇಕಾದಂತೆ ಅದನ್ನು ಮಾರ್ಪಡಿಸಿಕೊಳ್ಳಬಹುದು. ಹೀಗೆ ಮಾರ್ಪಡಿಸುತ್ತ ಹೋದವರು ಅದರೊಳಗೇ ಇ-ಮೇಲ್ ಓದುವ ವ್ಯವಸ್ಥೆಗಳನ್ನೂ ಕಟ್ಟಿದರು. ಆರ್‌ಮೇಲ್, ಗ್ನಸ್, ಕೈಲ್ ಜೋನ್ಸ್ ಬರೆದ ವಿಎಂ ಇವೆಲ್ಲ ಹಾಗೆ ಬಂದವು. ಹುಡುಗಿಯ ಯಂತ್ರದಲ್ಲಿದ್ದದ್ದು ವಿಎಂ. ಫೋನಿನ ತಂತಿಯಲ್ಲಿ ಐದು ನಿಮಿಷ ಸಂಪರ್ಕ ಸಿಕ್ಕರೆ ಸಾಕು, ಬಂದ ಪತ್ರಗಳನ್ನೆಲ್ಲ ಯಂತ್ರಕ್ಕೆ ಇಳಿಸಿಕೊಂಡು ಆಮೇಲೆ ನಿಧಾನವಾಗಿ ಓದಬಹುದಿತ್ತು. ಹಳ್ಳಿಯ ಮನೆಗೆ ಹೇಳಿ ಮಾಡಿಸಿದ್ದು.

ಆ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಸಂಸ್ಥೆಯಿಂದ ಪತ್ರ ಬಂತು. ಎರಡು ತಿಂಗಳ ತರಬೇತಿಗೆ ಅವಳ ಹೆಸರು ಆಯ್ಕೆಯಾಗಿದೆ, ಊಟ ವಸತಿ ಸಂಸ್ಥೆಯದೇ, ಹತ್ತು ದಿನದೊಳಗೆ ಒಪ್ಪಿಗೆ ತಿಳಿಸಬೇಕು. ಮನೆಯಲ್ಲಿ ಒಬ್ಬಟ್ಟಾಯಿತು. ಅಂದು ರಾತ್ರಿಯೇ ಅವಳು ಉತ್ತರ ಬರೆದಳು. ಬರೆದು ಮುಗಿಸುವಾಗ ಕರೆಂಟು ಹೋಯಿತು. ಬೆಳಿಗ್ಗೆ ಒಮ್ಮೆ ಓದಿ ಕಳಿಸೋಣವೆಂದು ಯಂತ್ರದ ಮುಚ್ಚಳ ಮುಚ್ಚಿದಳು. ಬೆಳಿಗ್ಗೆ ತೆರೆದಾಗ ಕಂಡದ್ದು ಬಂದ ಪತ್ರಗಳ ಪಟ್ಟಿ ಮಾತ್ರ. ರಾತ್ರಿಯೇ ಕಳಿಸಿದೆನೆಂದು ಅವಳ ಮನಸ್ಸು ಹೇಗೋ ನಂಬಿಬಿಟ್ಟಿತು. ಹನ್ನೆರಡನೆಯ ದಿನ ಬೇರೇನನ್ನೋ ಹುಡುಕುತ್ತ ಪರದೆಯ ಮೇಲಿದ್ದ ಹಲಗೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದಳು. ಎಲ್ಲದರ ಹಿಂದೆ ಆ ಉತ್ತರ ಹಾಗೆಯೇ ನಿಂತಿತ್ತು. ವಂದನೆಗಳೊಂದಿಗೆ ಎಂಬ ಕೊನೆಯ ಸಾಲಿನವರೆಗೂ ಪೂರ್ತಿಯಾಗಿತ್ತು, ಹೋಗಿರಲಿಲ್ಲ.

ಕ್ಷಮೆ ಕೇಳಿ ಬರೆದ ಪತ್ರಕ್ಕೆ ಮರುದಿನವೇ ಮರ್ಯಾದೆಯ ಉತ್ತರ ಬಂತು. ಸ್ಥಾನವನ್ನು ಪಟ್ಟಿಯಲ್ಲಿ ಮುಂದಿನವರಿಗೆ ಕೊಟ್ಟಾಗಿತ್ತು.

ಎರಡು ದಿನ ಅವಳು ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಅಪ್ಪನಿಗೆ ಹೇಳಲೇಬೇಕಾಯಿತು. ಮಗ್ಗುಲಲ್ಲಿ ಕೂತು ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಒಂದೇ ಪ್ರಶ್ನೆ ಕೇಳಿದರು: ‘ಬರೆದ ಕಾಗದಾನ ಅಲ್ಲೇ ಇಡು ಅಂತ ಆ ಮಿಷನ್ನಿಗೆ ಯಾರು ಹೇಳಿದ್ರು?’

ಯಾರೂ ಹೇಳಿರಲಿಲ್ಲ. ಅಲ್ಲೇ ಇದ್ದದ್ದು ಸಂಗತಿ.

ಈಮ್ಯಾಕ್ಸ್‌ನ ಭಾಷೆಯಲ್ಲಿ ವಿಂಡೋ ಬೇರೆ, ಫ್ರೇಮ್ ಬೇರೆ. ನಾವೆಲ್ಲ ಗಣಕದ ಪರದೆಯಲ್ಲಿ ಯಾವುದನ್ನು ವಿಂಡೋ ಎನ್ನುತ್ತೇವೋ, ತಲೆಪಟ್ಟಿಯಿದ್ದು ಎಳೆದಾಡಲು ಬರುವ ಆ ಹಲಗೆ, ಅದು ಇಲ್ಲಿ ಫ್ರೇಮ್, ಅಂದರೆ ಚೌಕಟ್ಟು. ಆ ಚೌಕಟ್ಟಿನೊಳಗೆ ಗೆರೆ ಹಾಕಿ ಮಾಡಿಕೊಂಡ ಭಾಗಗಳು ವಿಂಡೋ, ಅಂದರೆ ಕಿಟಕಿಗಳು. ಪರದೆಯಲ್ಲಿ ಬರೀ ಅಕ್ಷರಗಳಷ್ಟೇ ಮೂಡುತ್ತಿದ್ದ ಕಾಲದಲ್ಲೇ ಈಮ್ಯಾಕ್ಸ್ ಅದನ್ನು ಭಾಗ ಮಾಡಿ ಕಿಟಕಿ ಎಂದು ಕರೆದಿತ್ತು. 1993ರ ಹತ್ತೊಂಬತ್ತನೆಯ ಆವೃತ್ತಿಯಲ್ಲಿ ಹಲವು ಹಲಗೆಗಳನ್ನು ತೆರೆಯುವ ಸೌಲಭ್ಯ ಬಂದಾಗ ಆ ಹೆಸರು ಖಾಲಿಯಿರಲಿಲ್ಲ. ಆದ್ದರಿಂದ ಹೊರಗಿನದು ಚೌಕಟ್ಟಾಯಿತು.

ಇದು ಬರೀ ಹೆಸರಿನ ಗೊಂದಲವಲ್ಲ. ಒಂದೇ ಚೌಕಟ್ಟಿನೊಳಗಿನ ಕಿಟಕಿಗಳು ಅಕ್ಕಪಕ್ಕ ಇಲ್ಲವೇ ಮೇಲೆ ಕೆಳಗೆ ಇರುತ್ತವೆ. ಒಂದು ಇನ್ನೊಂದನ್ನು ಮುಚ್ಚುವುದಿಲ್ಲ. ಚೌಕಟ್ಟುಗಳು ಹಾಗಲ್ಲ. ಮೇಜಿನ ಮೇಲಿನ ಕಾಗದಗಳಂತೆ ಒಂದರ ಮೇಲೊಂದು ಬೀಳುತ್ತವೆ. ವಿಎಂ ತಾನಾಗಿಯೇ ಪತ್ರಗಳ ಕಡತಕ್ಕೊಂದು ಚೌಕಟ್ಟು, ಉತ್ತರ ಬರೆಯಲು ಇನ್ನೊಂದು ಚೌಕಟ್ಟು ತೆರೆಯುತ್ತದೆ. ದೊಡ್ಡ ಪರದೆಯಿದ್ದವರಿಗೆ ಅದು ಅನುಕೂಲವೇ. ಅಂಗೈಯಗಲದ ಲ್ಯಾಪ್‌ಟಾಪಿನಲ್ಲಿ ಬರೆಯುವ ಚೌಕಟ್ಟು ಓದುವ ಚೌಕಟ್ಟಿನ ಬೆನ್ನಿಗೆ ಬಿದ್ದರೆ ಇದೆಯೆಂಬ ಗುರುತೂ ಸಿಗದು.

‘ಹಂಗಾದ್ರೆ ನೀನೇ ಹೇಳು, ಎಲ್ಲಿಡಬೇಕು ಅಂತ,’ ಎಂದರು ಅಪ್ಪ.

ಹೇಳುವುದು ಅಷ್ಟು ಕಷ್ಟವೂ ಆಗಿರಲಿಲ್ಲ. ವಿಎಂನ ಕಡತದಲ್ಲಿ ‘ಫ್ರೇಮ್-ಪರ್-ಕಾಂಪೊಸಿಷನ್’ ಎಂಬ ಸಾಲಿಗೆ ನಿಲ್, ಅಂದರೆ ಇಲ್ಲ, ಎಂದು ಬರೆದರೆ ಉತ್ತರಕ್ಕೆ ಬೇರೆ ಚೌಕಟ್ಟು ತೆರೆಯುವುದಿಲ್ಲ. ‘ಫ್ರೇಮ್-ಪರ್-ಫೋಲ್ಡರ್’ ಎಂಬುದಕ್ಕೂ ಹಾಗೆಯೇ. ಇನ್ನು ಕಿಟಕಿಗಳ ಜೋಡಣೆ. ಕಂಟ್ರೋಲ್-ಎಕ್ಸ್ ಒತ್ತಿ 2 ಎಂದರೆ ಕಿಟಕಿ ಮೇಲೆ ಕೆಳಗೆ ಎರಡಾಗುತ್ತದೆ. 3 ಎಂದರೆ ಎಡಬಲ. 1 ಎಂದರೆ ಕರ್ಸರ್ ನಿಂತದ್ದೊಂದೇ ಉಳಿಯುತ್ತದೆ. ಹೀಗೆ ಕೈಯಿಂದಲೇ ಒಪ್ಪಮಾಡಿಕೊಂಡು ದೊಡ್ಡಕ್ಷರದ ಡಬ್ಲ್ಯು, ಎಸ್ ಒತ್ತಿದರೆ, ಇದು ಯಾವ ಹೊತ್ತಿನ ಜೋಡಣೆ ಎಂದು ವಿಎಂ ಕೇಳುತ್ತದೆ. ಓದುವ ಹೊತ್ತಿನದೆಂದರೆ ಅದನ್ನು ನೆನಪಿಟ್ಟು, ಪ್ರತಿ ಸಲ ಓದುವಾಗ ಹಾಗೆಯೇ ಹರಡಿಕೊಡುತ್ತದೆ. ಬರೆಯುವ ಹೊತ್ತಿಗೆ ಆ ಆಜ್ಞೆಯನ್ನು ಪೂರ್ತಿ ಹೆಸರು ಹಿಡಿದು ಕರೆಯಬೇಕು. ಅಲ್ಲಿ ಡಬ್ಲ್ಯು ಒತ್ತಿದರೆ ಅದು ಕಾಗದದೊಳಗೇ ಮೂಡುತ್ತದೆ.

ಅರ್ಧ ಗಂಟೆಯ ಕೆಲಸ. ಅವಳು ಮೂರು ದಿನ ಮಾಡಿದಳು. ಪಟ್ಟಿ ಎಡಕ್ಕಿದ್ದರೆ ಚೆಂದವೋ ಮೇಲಿದ್ದರೆ ಚೆಂದವೋ, ಅಕ್ಷರದ ಬಣ್ಣ ಯಾವುದಿರಬೇಕು, ಚೌಕಟ್ಟು ಪರದೆಯ ಅಂಚಿನಿಂದ ಎಷ್ಟು ದೂರ ನಿಲ್ಲಬೇಕು, ಎಲ್ಲಕ್ಕೂ ಒಂದೊಂದು ಸಾಲು. ಈಮ್ಯಾಕ್ಸ್ ಬಳಸುವವರಿಗೆಲ್ಲ ಗೊತ್ತಿರುವ ಚಟ ಇದು. ತಿದ್ದಿದಷ್ಟೂ ತಿದ್ದಲು ಇನ್ನಷ್ಟು ಉಳಿದಿರುತ್ತದೆ. ಊಟಕ್ಕೆ ಕರೆದು ಕರೆದು ಸಾಕಾದ ಅಮ್ಮ ಒಂದು ರಾತ್ರಿ ಬಂದು ನಿಂತು ಕೇಳಿದರು: ‘ಮೂರು ದಿನದಿಂದ ಗೂಡಿಗೇ ಬಣ್ಣ ಬಳೀತಾ ಕುಂತಿದ್ದೀಯಲ್ಲ, ಕಾಗದ ಹಂಚೋದು ಯಾವಾಗ?’

ಹುಡುಗಿಗೆ ಸಿಟ್ಟು ಬಂತು, ಆಮೇಲೆ ನಗು ಬಂತು. ಆ ಮೂರು ದಿನದಲ್ಲಿ ಬಂದ ನಾಲ್ಕು ಪತ್ರಗಳಿಗೆ ಅವಳು ಉತ್ತರ ಬರೆದಿರಲಿಲ್ಲ.

ಮರುದಿನ ಸಂಜೆ ಅಮ್ಮನ ಜತೆ ಲಕ್ಷ್ಮೀನಾರಾಯಣ ದೇವಸ್ಥಾನಕ್ಕೆ ಹೋದಳು. ಹೊಯ್ಸಳರ ಕಾಲದ, ಸುಮಾರು 1250ರ ಗುಡಿ ಅದು. ಹುಟ್ಟಿದಾಗಿನಿಂದ ನೋಡಿದ ಗೋಡೆಯನ್ನು ಅಂದು ಬೇರೆ ಕಣ್ಣಿಂದ ನೋಡಿದಳು. ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಒಂದೊಂದೂ ಗೇಣಗಲದ ಪಟ್ಟಿ, ಒಂದು ಇನ್ನೊಂದರ ಜಾಗಕ್ಕೆ ಬಂದಿಲ್ಲ. ಅವುಗಳ ಮೇಲೆ ದೇವರ ಮೂರ್ತಿಗಳಿಗೆ ಮಾತ್ರ ಎತ್ತರದ ಜಾಗ. ಜಗತಿಯ ಮೇಲೆ ಬಲಸುತ್ತು ಬಂದವರಿಗೆ ಕಥೆ ತಾನಾಗಿ ಬಿಚ್ಚುತ್ತ ಹೋಗುತ್ತದೆ. ಮುಖ್ಯವಾದದ್ದಕ್ಕೆ ಹೆಚ್ಚು ಜಾಗ, ಉಳಿದದ್ದಕ್ಕೆ ಸಾಕಷ್ಟು ಜಾಗ ಎಂದು ಯಾರೋ ಕಲ್ಲಿಗೆ ಉಳಿ ಹಚ್ಚುವ ಮೊದಲೇ ತೀರ್ಮಾನಿಸಿದ್ದರು.

ಮನೆಗೆ ಬಂದು ಬರೆದ ಸಾಲುಗಳಲ್ಲಿ ಮುಕ್ಕಾಲು ಪಾಲು ಅಳಿಸಿದಳು. ಉಳಿದದ್ದು ಒಂದೇ ಚೌಕಟ್ಟು, ಎರಡು ಕಿಟಕಿ. ಮೇಲೆ ಕಾಲು ಭಾಗದಲ್ಲಿ ಪತ್ರಗಳ ಪಟ್ಟಿ, ಕೆಳಗೆ ಮುಕ್ಕಾಲು ಭಾಗದಲ್ಲಿ ಓದುವ ಇಲ್ಲವೇ ಬರೆಯುವ ಪತ್ರ. ಕಂಟ್ರೋಲ್-ಸಿ ಎರಡು ಸಲ ಒತ್ತಿ ಕಳಿಸುವವರೆಗೆ ಬರೆಯುತ್ತಿರುವ ಕಾಗದ ಕಣ್ಣ ಮುಂದೆಯೇ ಇರುತ್ತಿತ್ತು. ಅಂದೇ ಆ ನಾಲ್ಕು ಪತ್ರಗಳಿಗೂ ಉತ್ತರ ಹೋಯಿತು.

ಹೋದ ತರಬೇತಿ ಮರಳಿ ಬರಲಿಲ್ಲ. ಆ ಬೇಸಿಗೆಯನ್ನು ಅವಳು ಊರಿನಲ್ಲೇ ಕಳೆದಳು. ಮುಂದಿನ ವರ್ಷದ ಹಾಸ್ಟೆಲ್ ಶುಲ್ಕಕ್ಕೆ ಅಪ್ಪ ಕೈಸಾಲ ಮಾಡಿದರು. ಆ ಮಾತನ್ನು ಅವರು ಯಾವತ್ತೂ ಎತ್ತಲಿಲ್ಲ. ಅವಳು ಮರೆಯಲೂ ಇಲ್ಲ.

ರಜೆ ಮುಗಿಸಿ ಮೈಸೂರಿಗೆ ಹೊರಟ ದಿನ ಅಪ್ಪ ಮರದ ಪೆಟ್ಟಿಗೆಯ ನಡುಗೂಡಿನಲ್ಲಿದ್ದ ರೇಷನ್ ಕಾರ್ಡು, ಕರೆಂಟು ಬಿಲ್ಲುಗಳನ್ನು ತೆಗೆದು ಪಕ್ಕದ ಗೂಡಿಗೆ ಹಾಕಿದರು. ‘ಇದು ನಿಂದು,’ ಎಂದರು. ಅಂದಿನಿಂದ ಊರಿಗೆ ಬಂದಾಗಲೆಲ್ಲ ಅವಳು ಉತ್ತರ ಬರೆಯಬೇಕಾದ ಪತ್ರಗಳ ಹೆಸರನ್ನು ಚೀಟಿಯಲ್ಲಿ ಬರೆದು ಅಲ್ಲಿಡುತ್ತಾಳೆ. ಅಪ್ಪನಿಗೆ ಈಮ್ಯಾಕ್ಸ್ ಏನೆಂದು ಇಂದಿಗೂ ತಿಳಿಯದು. ಆದರೆ ಸಂಜೆ ಕಾಫಿ ಕುಡಿಯುವಾಗ ಒಮ್ಮೆ ಆ ಗೂಡಿನ ಕಡೆ ನೋಡುತ್ತಾರೆ. ಚೀಟಿ ಇದ್ದರೆ ಕೇಳುತ್ತಾರೆ: ‘ಹೋಯ್ತಾ?’